ಊರಿಗೊಂದು ಸೈಲೆನ್ಸರ್

ಕಂಪನಿಗಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಮುಗಿಯಿತು, ಸಿದ್ಧಕಟ್ಟೆ ಪೇಟೆಯಲ್ಲಿ ನಾಳೆಯಿಂದ ನೆಮ್ಮದಿಯಾಗಿ ಚಹಾ ಕುಡಿಯುವ ಹಾಗಿಲ್ಲ. ನಮ್ಮಲ್ಲಿ ಎರಡು ಪಂಗಡಗಳಿವೆ ಎಂದಷ್ಟು ತಿಳಿದರೆ ಸಾಕು. ಒಂದು ಹಳೆಯ ಟೂ ಸ್ಟ್ರೋಕ್ ಬೈಕಿನವರದು. ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಯುವ, ಹಿಂದೆ ಬಿಳಿ ಹೊಗೆ ಬಿಡುವ ಬೈಕು; ಕಂಪನಿಯವರೇ ಅದನ್ನು ಮರೆತು ವರ್ಷಗಳಾದವು. ಇನ್ನೊಂದು ಗುಡುಗುಡು ಎನ್ನುವ ಭಾರದ ಫೋರ್ ಸ್ಟ್ರೋಕಿನವರದು. ಅವರು ನಮ್ಮದನ್ನು ಪಂಚಾಯತಿನ ಫಾಗಿಂಗ್ ಮೆಷಿನ್ ಎನ್ನುತ್ತಾರೆ, ಸೊಳ್ಳೆಗೆ ಹೊಗೆ ಹಾಕಲು ಬರುತ್ತದಲ್ಲ, ಅದು. ನಾವು ಅವರದನ್ನು ಅಕ್ಕಿ ಮಿಲ್ಲು ಎನ್ನುತ್ತೇವೆ. ನಾನು ಟೂ ಸ್ಟ್ರೋಕಿನವನು. ಮೂಡುಬಿದಿರೆಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ಪುತ್ತೂರಿನವರಿಂದ ಸೆಕೆಂಡ್ ಹ್ಯಾಂಡ್ ಕೊಂಡ ಒಂದೇ ಬೈಕಿನಲ್ಲಿ ಹನ್ನೆರಡು ವರ್ಷಗಳಿಂದ ಹೋಗಿ ಬರುತ್ತಿದ್ದೇನೆ.

ನಾವಿದ್ದೇವೆ ಎಂಬುದೇ ಗೊತ್ತಿಲ್ಲದ ಕಂಪನಿಗಳಿಗಾಗಿ ನಡುವಯಸ್ಸಿನ ಗಂಡಸರು ಹೀಗೆ ಯಾಕೆ ಜಗಳವಾಡುತ್ತೇವೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಹೋಟೆಲಿನ ಎದುರು ಅವರ ಬೈಕುಗಳು ಒಂದು ಬದಿ, ನಮ್ಮವು ಇನ್ನೊಂದು ಬದಿ ನಿಲ್ಲುತ್ತವೆ. ಹಾಗೆ ನಿಲ್ಲಿಸಬೇಕೆಂದು ಯಾರೂ ಬೋರ್ಡು ಹಾಕಿಲ್ಲ. ಅವರಲ್ಲಿ ಬಸದಿಯ ಉಸ್ತುವಾರಿ ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ, ಬಲು ಮಿತಭಾಷಿ. ಅವರು ಕೂಡ ಮೈಲೇಜಿನ ಮಾತು ಬಂದಾಗ ಲೋಟ ಕೆಳಗಿಟ್ಟು ವಾದಕ್ಕೆ ಕೂರುತ್ತಾರೆ.

ನಾನೇನೂ ಕಡಿಮೆಯವನಲ್ಲ. ಕಲ್ಲಡ್ಕದಲ್ಲಿ ಕೆಂಪು ಸೀಟು ಹೊಲಿಸಿದೆ. ಬೆಳ್ತಂಗಡಿಯ ಪೇಂಟರೊಬ್ಬರ ಹತ್ತಿರ ಟ್ಯಾಂಕಿಗೆ ಹಳದಿ ಹೊಡೆಸಿದೆ. ಹ್ಯಾಂಡಲ್ ತಗ್ಗಿಸಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಮಂಗಳೂರಿನಿಂದ ಹೊಟ್ಟೆ ಉಬ್ಬಿದ ರೇಸಿಂಗ್ ಪೈಪು ತರಿಸಿ ಸೈಲೆನ್ಸರಿನ ಜಾಗಕ್ಕೆ ಹಾಕಿಸಿದೆ. ಅದರ ಸದ್ದು ಕೇಳಿದರೆ ನಾನು ಬರುತ್ತಿರುವುದು ಎರಡು ತಿರುವಿನ ಆಚೆಗೇ ಗೊತ್ತಾಗುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನನ್ನ ಹೆಂಡತಿ ಹೇಳಿದ್ದು ಇದಕ್ಕೇ. ಅಂಗಿಗೆ ಇಸ್ತ್ರಿ ಇಲ್ಲದೆ ಶಾಲೆಗೆ ಹೋಗುವವರು ಬೈಕಿಗೆ ವಾರವಾರ ಪಾಲಿಶ್ ಹಾಕುತ್ತಾರೆ ಎಂಬುದು ಅವಳ ಇನ್ನೊಂದು ಮಾತು. ಎರಡೂ ನಿಜ.

ಎದುರು ಪಂಗಡದ ಮುಖಂಡರೆಂದರೆ ಹಾರ್ಡ್‌ವೇರ್ ಅಂಗಡಿಯ ಸಾಹೇಬರು. ಅವರು ಮೂಲತಃ ಕೊಕ್ಕಡದ ಕಡೆಯವರು. ಗಲ್ಫಿನಲ್ಲಿ ಬಹಳ ಕಾಲ ದುಡಿದು ಬಂದು, ಎಂಟು ವರ್ಷಗಳ ಹಿಂದೆ ಹೆಂಡತಿಯ ಊರಾದ ಸಿದ್ಧಕಟ್ಟೆಯಲ್ಲಿ ಮನೆ ಕಟ್ಟಿ ಅಂಗಡಿ ಇಟ್ಟವರು. ಅವರ ಫೋರ್ ಸ್ಟ್ರೋಕಿನ ಕ್ರೋಮಿಯಂ ನೋಡಿ ಮೀಸೆ ತಿರುವಿಕೊಳ್ಳಬಹುದು, ಅಷ್ಟು ಹೊಳಪು. ನಾನು ಬೆಳಿಗ್ಗೆ ಶಾಲೆಗೆ ಹೋಗುವ ಹೊತ್ತಿಗೆ ಅವರು ಅಂಗಡಿಯ ಎದುರೇ ನಿಂತಿರುತ್ತಿದ್ದರು. ದಿನವೂ ಅದೇ ಮಾತು: “ಮಾಷ್ಟ್ರೇ, ಆ ಡಬ್ಬವನ್ನು ಒಮ್ಮೆ ಬಿಚ್ಚಿ ಬಿಸಾಡಿ ಮಾರಾಯ್ರೆ.” ಡಬ್ಬ ಎಂದರೆ ನನ್ನ ಪೈಪು. ಅಕ್ಕಿ ಮಿಲ್ಲಿನವರಿಗೆ ಸಂಗೀತ ಎಲ್ಲಿ ಗೊತ್ತಾಗುತ್ತದೆ ಎಂದು ನಾನೂ ತಿರುಗಿಸಿ ಕೊಡುತ್ತಿದ್ದೆ.

ಈ ವರ್ಷ ನನ್ನ ಬೈಕಿನ ಆರ್‌ಸಿ ಅವಧಿ ಮುಗಿಯಿತು. ಹಳೆಯ ಗಾಡಿಗಳಿಗೆ ಐದು ವರ್ಷಕ್ಕೊಮ್ಮೆ ಬಂಟ್ವಾಳದ ಆರ್‌ಟಿಒ ಕಚೇರಿಗೆ ಹೋಗಿ ತಪಾಸಣೆ ಮಾಡಿಸಿ ಮುಂದುವರಿಸಬೇಕು. ಗಾಡಿ ಕಂಪನಿಯಿಂದ ಬಂದ ಹಾಗೆಯೇ ಇರಬೇಕು, ರೇಸಿಂಗ್ ಪೈಪು ಕಂಡರೆ ಅಲ್ಲಿಂದಲೇ ವಾಪಸು. ಇದಕ್ಕೆ ನಮ್ಮ ಪಂಗಡದವರು ಒಂದು ಉಪಾಯ ಕಂಡುಕೊಂಡಿದ್ದರು. ಎಲ್ಲರೂ ತಮ್ಮ ತಮ್ಮ ಒರಿಜಿನಲ್ ಸೈಲೆನ್ಸರನ್ನು ಎಂದೋ ಕಳೆದುಕೊಂಡವರೇ. ಉಳಿದದ್ದು ಒಂದೇ ಒಂದು. ಮದುವೆಯ ದೊಡ್ಡ ಹಂಡೆ ಮನೆಯಿಂದ ಮನೆಗೆ ಹೋಗುವ ಹಾಗೆ ಅದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತುತ್ತಿತ್ತು. ಯಾರಿಗೆ ತಪಾಸಣೆಯೋ ಅವರು ಹಾಕಿಸಿಕೊಳ್ಳುವುದು, ಪಾಸಾದ ಮೇಲೆ ಬಿಚ್ಚಿ ಮುಂದಿನವರಿಗೆ ಕೊಡುವುದು. ಕಳೆದ ಸಲ ನನಗೂ ಅದೇ ಬಂದಿತ್ತು. ಆದರೆ ನನ್ನ ಬೈಕಿಗೆ ಅದು ಸರಿಯಾಗಿ ಕೂತಿರಲಿಲ್ಲ. ನನ್ನದಕ್ಕೆ ಯಾವುದೂ ಕೂರುವುದಿಲ್ಲ. ಸೈಲೆನ್ಸರ್ ಬಿಗಿಯುವ ಕಡೆ ಚಾಸಿಸ್ಸಿನ ಬ್ರಾಕೆಟ್ಟು ಅರ್ಧ ಬೆರಳಿನಷ್ಟು ಒಳಗೆ ಹೋಗಿದೆ, ಎರಡು ದಪ್ಪ ವಾಷರ್ ಹಾಕಿ ಸರಿದೂಗಿಸಬೇಕು. ಹುಟ್ಟಿನಿಂದಲೇ ಬಂದ ಊನ ಎಂದು ನಮ್ಮ ಮೆಕ್ಯಾನಿಕ್ ತೀರ್ಪು ಕೊಟ್ಟಿದ್ದರು.

ಈ ಸಲ ಕೇಳಲು ಹೋದರೆ ಸೈಲೆನ್ಸರೇ ಇಲ್ಲ. ಬೆಳ್ತಂಗಡಿಯ ನಮ್ಮವರೊಬ್ಬರು ತಪಾಸಣೆ ಮುಗಿಸಿ, ಅದನ್ನು ಬಿಚ್ಚಲು ಮರೆತು, ಬೈಕನ್ನೇ ಕೇರಳದವರಿಗೆ ಮಾರಿಬಿಟ್ಟಿದ್ದರು. ಹಂಡೆಯನ್ನು ಮದುಮಗಳ ಜೊತೆಗೇ ಕಳುಹಿಸಿದ ಹಾಗಾಯಿತು. ನಾನು ಪುತ್ತೂರಿನವರೆಗೂ ಹುಡುಕಿದೆ, ಗುಜರಿ ಅಂಗಡಿಗಳಲ್ಲಿ ಕೈ ಕಪ್ಪು ಮಾಡಿಕೊಂಡೆ. ಸಿಗಲಿಲ್ಲ. ತಪಾಸಣೆಯ ದಿನಕ್ಕೆ ಒಂದು ವಾರ ಉಳಿದಿತ್ತು. ಪಾಸಾಗದಿದ್ದರೆ ಬೈಕು ರಸ್ತೆಗಿಳಿಯುವ ಹಾಗಿಲ್ಲ, ಕೊನೆಗೆ ಅದೇ ಗುಜರಿಗೆ ಹೋಗಬೇಕು. ಆ ವಾರ ನನಗೆ ಊಟ ರುಚಿಸಲಿಲ್ಲ. ಒಂದು ಬೈಕಿಗಾಗಿ ಇಷ್ಟು ಸಂಕಟಪಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಸುದ್ದಿ ಹೋಟೆಲಿಗೆ ಮುಟ್ಟಿದಾಗ ಎದುರು ಪಂಗಡಕ್ಕೆ ಹಬ್ಬ. ಇನ್ನು ಸೊಳ್ಳೆಗಳ ಗತಿ ಏನು ಎಂದು ಒಬ್ಬರು ಕೇಳಿದರು. ಎಲ್ಲರೂ ನಕ್ಕರು, ಸಾಹೇಬರು ಮಾತ್ರ ನಗಲಿಲ್ಲ. ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದರು. ನಾನು ಅದನ್ನು ಗಮನಿಸಿದೆ, ಅರ್ಥವಾಗಲಿಲ್ಲ.

ಭಾನುವಾರ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಅಕ್ಕಿ ಮಿಲ್ಲಿನ ಸದ್ದು. ಸಾಹೇಬರು ಬೈಕಿನ ಹಿಂದೆ ಕಟ್ಟಿದ್ದ ಗೋಣಿಚೀಲವನ್ನು ಇಳಿಸಿ ಜಗಲಿಯ ಮೇಲೆ ಇಟ್ಟರು. ಒಳಗೆ ಒಂದು ಒರಿಜಿನಲ್ ಸೈಲೆನ್ಸರ್. ಎಣ್ಣೆ ಸವರಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟದ್ದು. ಇದೆಲ್ಲಿಂದ ಎಂದು ಕೇಳಿದ್ದಕ್ಕೆ, ಹಾರ್ಡ್‌ವೇರ್ ಅಂಗಡಿಯವರ ಅಟ್ಟದಲ್ಲಿ ಏನೆಲ್ಲ ಇರುತ್ತದೆ ಎಂದು ಹೇಳಿ ಮಾತು ತೇಲಿಸಿದರು. ಚಹಾಕ್ಕೂ ನಿಲ್ಲಲಿಲ್ಲ. ಬೈಕು ಏರಿದ ಮೇಲೆ ತಿರುಗಿ ಒಂದು ಮಾತು ಹೇಳಿದರು.

“ಕ್ಲಾಂಪ್ ಸ್ವಲ್ಪ ಬಗ್ಗಿದ್ದುಂಟು. ಅದನ್ನು ನೆಟ್ಟಗೆ ಮಾಡ್ಲಿಕ್ಕೆ ಹೋಗ್ಬೇಡಿ, ಹಾಗೇ ಕೂರಿಸಿ.”

ಮೆಕ್ಯಾನಿಕ್ ಅದನ್ನು ನೋಡಿದವರೇ ಸುತ್ತಿಗೆ ಎತ್ತಿಕೊಂಡರು. ಬಗ್ಗಿದ್ದನ್ನು ನೆಟ್ಟಗೆ ಮಾಡುವುದು ಅವರ ಕಸುಬು, ಅವರ ತಪ್ಪಲ್ಲ. ಬೇಡ, ಹಾಗೇ ಹಾಕಿ ನೋಡುವ ಎಂದೆ. ಅವರು ಗೊಣಗುತ್ತಾ ಎರಡು ವಾಷರ್ ಆರಿಸಿಟ್ಟುಕೊಂಡು ಬೋಲ್ಟು ತೂರಿಸಿದರು. ವಾಷರ್ ಬೇಕಾಗಲಿಲ್ಲ. ಹನ್ನೆರಡು ವರ್ಷಗಳಲ್ಲಿ ಮೊದಲ ಸಲ ಒಂದು ಸೈಲೆನ್ಸರ್ ನನ್ನ ಬೈಕಿಗೆ ಕೂದಲೆಳೆಯ ಸಂದಿಲ್ಲದೆ ಕೂತಿತು. ಬೈಕಿನ ಊನ ಒಳಕ್ಕೆ ಎಷ್ಟೋ, ಸೈಲೆನ್ಸರಿನ ಕ್ಲಾಂಪೂ ಅಷ್ಟೇ ಒಳಕ್ಕೆ ಬಗ್ಗಿತ್ತು. ಮೆಕ್ಯಾನಿಕ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಹೀಗೆ ಆಕಸ್ಮಿಕವಾಗಿ ಹೊಂದುವುದು ಸಾಧ್ಯವಿಲ್ಲ ಎಂದು ತಿಳಿಯಲು ಗಣಿತ ಬೇಕಾಗಿರಲಿಲ್ಲ.

ಬಂಟ್ವಾಳದಲ್ಲಿ ತಪಾಸಣೆ ಪಾಸಾಯಿತು. ಅಲ್ಲಿಂದ ನೇರ ಸಾಹೇಬರ ಅಂಗಡಿಗೆ ಬಂದೆ. ಅವರು ಕಟಿಂಗ್ ಮೆಷಿನಿನಲ್ಲಿ ಯಾರದೋ ಕಬ್ಬಿಣದ ಪೈಪು ಕತ್ತರಿಸುತ್ತಿದ್ದರು. ಸುತ್ತಿ ಬಳಸಿ ಮಾತಾಡುವ ತಾಳ್ಮೆ ನನಗಿರಲಿಲ್ಲ.

“ಸಾಹೇಬ್ರೇ, ಇದು ನಿಮ್ಮ ಬೈಕಾ?” ಎಂದು ಕೇಳಿದೆ.

ಅವರು ಮೆಷಿನ್ ಆಫ್ ಮಾಡಿ, ಗಿರಾಕಿಯನ್ನು ಕಳುಹಿಸಿ, ಆಮೇಲೆ ಹೇಳಿದರು. ಮೊದಲ ಓನರ್ ಅವರೇ. ಕೊಕ್ಕಡದಲ್ಲಿದ್ದಾಗ ತೆಗೆದುಕೊಂಡದ್ದು. ಚಾರ್ಮಾಡಿಯ ಒಂದು ತಿರುವಿನಲ್ಲಿ ಬಿದ್ದು ಬ್ರಾಕೆಟ್ಟು ಒಳಗೆ ಹೋಯಿತು. ಉಜಿರೆಯಲ್ಲಿ ವೆಲ್ಡಿಂಗಿನವರು ಚಾಸಿಸ್ ಮುಟ್ಟುವುದು ಬೇಡವೆಂದು ಸೈಲೆನ್ಸರಿನ ಕ್ಲಾಂಪನ್ನೇ ಕಾಯಿಸಿ ಬಗ್ಗಿಸಿ ಹೊಂದಿಸಿದರು. ಆಮೇಲೆ ಅವರೂ ನನ್ನ ಹಾಗೆಯೇ ಒಂದು ರೇಸಿಂಗ್ ಪೈಪು ಹಾಕಿ, ಒರಿಜಿನಲ್ಲನ್ನು ಅಟ್ಟಕ್ಕೆ ಹಾಕಿದರು. ಗಲ್ಫಿಗೆ ಹೋಗುವಾಗ ಬೈಕನ್ನು ಪುತ್ತೂರಿನವರಿಗೆ ಮಾರಿದರು. ಕೊಂಡವರು ಒರಿಜಿನಲ್ ಸೈಲೆನ್ಸರ್ ಕೇಳಿದಾಗ ಸಾಹೇಬರು ಇಲ್ಲವೆಂದು ಸುಳ್ಳು ಹೇಳಿದರು. ಏನಾದರೊಂದು ತನ್ನ ಹತ್ತಿರ ಉಳಿಯಲಿ ಎಂದು. ಊರಿಗೆ ಬಂದ ಮೇಲೆ ಆ ಮಾಡೆಲ್ ಸಿಗುತ್ತಿರಲಿಲ್ಲ. ಗಲ್ಫಿನಿಂದ ಬಂದವರು ದೊಡ್ಡ ಬೈಕೇ ತೆಗೆದುಕೊಳ್ಳಬೇಕೆಂದು ಮನೆಯವರೆಲ್ಲ ಹೇಳಿದರು, ತೆಗೆದುಕೊಂಡರು. ಅಂಗಡಿ ಇಟ್ಟ ಮೊದಲ ವಾರದಲ್ಲೇ ನಾನು ಎದುರಿಗೆ ಹಾದುಹೋದೆ. ಕೆಂಪು ಸೀಟು, ಹಳದಿ ಟ್ಯಾಂಕು, ಆದರೆ ನಂಬರ್ ಅದೇ.

ಎಂಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಕತ್ತರಿಸಿದ ಪೈಪಿನ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಾ ಕೂತಿದ್ದರು.

“ಹೇಳಿದ್ರೆ ನೀವು ಕೊಡ್ತೇನೆ ಅಂದ್ರೂ ಕಷ್ಟ, ಕೊಡುದಿಲ್ಲ ಅಂದ್ರೂ ಕಷ್ಟ ಅಲ್ವಾ ಮಾಷ್ಟ್ರೇ.”

“ಮತ್ತೆ ದಿನಾ ಬೈತಿದ್ರಲ್ಲ?”

“ನಾನು ಬೈದದ್ದು ಆ ಡಬ್ಬಕ್ಕೆ. ಇಂಜಿನಿಗೆ ಒಂದು ದಿನ ಎಂತಾದ್ರೂ ಹೇಳಿದ್ದುಂಟಾ? ನಾನು ಬೆಳಿಗ್ಗೆ ಹೊರಗೆ ನಿಲ್ಲುದೇ ಅದನ್ನು ಕೇಳ್ಲಿಕ್ಕೆ. ನಿಮ್ಮ ಡಬ್ಬದ ಬೊಬ್ಬೆಯಲ್ಲಿ ಇಂಜಿನ್ ನನಗೆ ಕೇಳ್ತಾ ಇರ್ಲಿಲ್ಲ.”

ನಾನು ನೆನಪು ಮಾಡಿಕೊಂಡು ನೋಡಿದೆ. ನಿಜ, ಫಾಗಿಂಗ್ ಎಂದದ್ದು ಉಳಿದವರು. ಅವರು ಎಂದೂ ಅಂದಿರಲಿಲ್ಲ. ದಿನಾ ತಮಾಷೆ ಎಂದುಕೊಂಡು ನಾನು ಮಾಡುತ್ತಿದ್ದ ಸದ್ದನ್ನು ನೆನೆದು ನನಗೆ ನಾಚಿಕೆಯಾಯಿತು. ಕೀಲಿಕೈ ತೆಗೆದು ಮುಂದೆ ಹಿಡಿದೆ, ಸಂಗಬೆಟ್ಟಿನವರೆಗೆ ಒಂದು ರೌಂಡ್ ಹೋಗಿ ಬನ್ನಿ ಎಂದೆ. ಅವರು ಕೀಲಿಕೈಯನ್ನು ನೋಡಿದರೇ ಹೊರತು ಮುಟ್ಟಲಿಲ್ಲ.

“ಬೇಡ. ಕೂತರೆ ಮತ್ತೆ ಇಳೀಲಿಕ್ಕೆ ಆಗ್ಲಿಕ್ಕಿಲ್ಲ.”

ರೇಸಿಂಗ್ ಪೈಪು ಈಗ ನನ್ನ ಅಟ್ಟದಲ್ಲಿದೆ. ನನ್ನ ಪಂಗಡದವರು ನಾನು ಪಕ್ಷಾಂತರ ಮಾಡಿದೆನೆಂದೇ ಮಾತಾಡಿಕೊಳ್ಳುತ್ತಾರೆ. ಬೈಕಿಗೆ ದನಿಯೇ ಇಲ್ಲ, ಹೊಲಿಗೆ ಮೆಷಿನಿನ ಹಾಗೆ ಕೇಳುತ್ತದೆ ಎಂದು ಒಬ್ಬರ ದೂರು. ಸಾಹೇಬರಿಗೂ ನನಗೂ ಹೋಟೆಲಿನಲ್ಲಿ ಜಗಳ ಮೊದಲಿನ ಹಾಗೆಯೇ ನಡೆಯುತ್ತದೆ. ಬೈಕಿನ ಕತೆಯನ್ನು ಅವರು ಯಾರಿಗೂ ಹೇಳಿಲ್ಲ, ನಾನೂ ಅಲ್ಲಿ ಬಾಯಿ ಬಿಟ್ಟಿಲ್ಲ. ಆದರೆ ಬೆಳಿಗ್ಗೆ ಅವರ ಅಂಗಡಿ ಹತ್ತಿರವಾದಾಗ ನಾನು ವೇಗ ಇಳಿಸುತ್ತೇನೆ. ಈಗೀಗ ಅವರು ಹೊರಗೆ ನಿಲ್ಲುವುದಿಲ್ಲ, ತಲೆ ಎತ್ತುವುದೂ ಇಲ್ಲ. ಒಳಗೆ ಓಡುತ್ತಿರುವ ಕಟಿಂಗ್ ಮೆಷಿನ್ ಮಾತ್ರ ತಟ್ಟನೆ ನಿಲ್ಲುತ್ತದೆ. ನಾನು ತಿರುವು ದಾಟಿದ ಮೇಲೆ ಅದು ಮತ್ತೆ ಶುರುವಾಗುತ್ತದೆ.