ಅಣ್ಣನ ದನಿ, ಅಪ್ಪನ ಪ್ರಶ್ನೆ

ಊರ ಅಯ್ಯನೋರು, ಅಕ್ಕಿ ಗಿರಣಿಯ ಎಂಜಿನ್ನು, ಹಂಪಿಯ ಮಂಗ, ಯಾರನ್ನೂ ನಾನು ಬಿಟ್ಟವನಲ್ಲ. ಎಲ್ಲರ ದನಿ ತೆಗೆಯುತ್ತಿದ್ದೆ, ಎಲ್ಲರ ನಡಿಗೆ ನಡೆಯುತ್ತಿದ್ದೆ. ನಿನ್ನ ದನಿ ಯಾವುದು ಎಂದು ಯಾರಾದರೂ ಕೇಳಿದರೆ ಮಾತ್ರ ತಡವರಿಸಬೇಕಿತ್ತು. ಅದನ್ನು ಬಳಸಿದ್ದೇ ಕಡಿಮೆ.

ನನ್ನ ಕೈಗೆ ಹೆಚ್ಚು ಸಿಕ್ಕಿಬೀಳುತ್ತಿದ್ದವರು ಅಪ್ಪ. ಕಂಪ್ಲಿಯಲ್ಲಿ ನಮ್ಮ ಗಿರಣಿ. ಅಲ್ಲಿಗೆ ಹೊರಡುವ ಮುಂಚೆ ಅವರು ಜಳಕ ಮುಗಿಸಿ, ಕೊರಳ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ರೆಪ್ಪೆ ಬಡಿಯದೆ ನೋಡುತ್ತ ಕೂರುತ್ತಿದ್ದರು. ಆ ಪೂಜೆಯಾಗದೆ ಬಾಯಿಗೆ ತುತ್ತು ಇಲ್ಲ. ನಾನು ಪಡಸಾಲೆಯಲ್ಲಿ ಅಂಗೈ ಮೇಲೆ ಬೆಲ್ಲದ ಉಂಡೆ ಇಟ್ಟುಕೊಂಡು, ಹಾಗೆಯೇ ಕಣ್ಣರಳಿಸಿ ನೋಡಿ, ಕೊನೆಗೆ ಅದನ್ನು ಗುಳುಂ ಮಾಡುತ್ತಿದ್ದೆ. ಅಣ್ಣ ನಗು ತಡೆಯಲಾರದೆ ಎದ್ದು ಓಡುತ್ತಿದ್ದ.

ಅಣ್ಣ ಮದ್ರಾಸಿನ ಕಾಲೇಜಿನಲ್ಲಿ ಭೌತವಿಜ್ಞಾನ ಓದುತ್ತಿದ್ದ. ರಜೆಗೆ ಬಂದನೆಂದರೆ ಅವನಿಗೂ ಅಪ್ಪನಿಗೂ ವಾದ. ಆ ಬೇಸಿಗೆ ಎಲೆಕ್ಟ್ರಾನಿನ ಸುದ್ದಿ ತಂದಿದ್ದ.

“ಅಪ್ಪಾ, ಅದು ಭಾಳ ಸಣ್ಣದ್ರಿ. ನೋಡ್ಬೇಕಂದ್ರ ಬೆಳಕು ಬಿಡ್ಬೇಕು. ಬೆಳಕು ತಾಗಿದ ಕೂಡ್ಲೇ ಸರ್ದು ಹೋಗ್ತೈತಿ. ನಾವು ನೋಡೋ ಮುಂಚೆ ಹೆಂಗಿತ್ತೋ ಹಂಗ ನೋಡಾಕ ಆಗೂದಿಲ್ಲ.”

“ವೇದಾಂತದಾಗ ಇನ್ನೂ ಮುಂದಿನ ಮಾತೈತಿ,” ಎಂದರು ಅಪ್ಪ. “ನೋಡಿಸ್ಕೊಳ್ಳೋದು ಇರ್ಲಿ. ನೋಡಾವ ಯಾರು? ಕಣ್ಣಂತೂ ಅಲ್ಲ. ಕಣ್ಣಿನ ಹಿಂದ ಕುಂತಾವ ಯಾರು?”

“ಅದು ನಮ್ಮ ಪಾಠದಾಗ ಇಲ್ರಿ.”

“ಹಂಗಾರ ಮದ್ರಾಸು ಸಣ್ಣೂರೇ ಬಿಡು!”

“ಹೋಗಿ ಮೇಷ್ಟ್ರನ್ನ ಕೇಳ್ತೀನ್ರಿ. ಮುಂದಿನ ರಜೆಗೆ ಉತ್ತರ ತರ್ತೀನಿ.”

ಹೋಗಲಿಲ್ಲ. ಜ್ವರ ಹಿಡಿಯಿತು. ಹೊಸಪೇಟೆಯ ಡಾಕ್ಟರು ಕಮಲಾಪುರದ ಮೇಲೆ ಗಾಡಿ ಹೊಡೆಸಿಕೊಂಡು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನ ತಲೆಯನ್ನು ತೊಡೆಯಿಂದ ಇಳಿಸಲು ಅವ್ವ ಒಪ್ಪಲಿಲ್ಲ.

ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಒಂದು ಗಳಿಗೆಯೂ ನೆಟ್ಟಗೆ ಕೂರದಿದ್ದ ಅಣ್ಣನನ್ನು ಕಾಲು ಮಡಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಗುಣಿಯಲ್ಲಿ ಕೂರಿಸಿದರು. “ಧ್ಯಾನಕ್ಕ ಕುಂತಂಗ ಕುಂತಾನ ನೋಡ್ರಿ,” ಎಂದರು ಒಬ್ಬ ಹಿರಿಯರು, ಸಮಾಧಾನಕ್ಕೆ. ಅಪ್ಪ ನೋಡಿದರು. ನೋಡಬಾರದಿತ್ತು.

ಮರುದಿನದಿಂದ ಅವರು ಪೂಜೆಗೆ ಕೂರಲಿಲ್ಲ. ಅಂಗೈ ಬಿಚ್ಚಿದರೆ ಮಗನ ಅಂಗೈಯೇ ಕಾಣುತ್ತದೆ ಎಂದರು. ಪೂಜೆ ಇಲ್ಲವೆಂದರೆ ಊಟವೂ ಇಲ್ಲ, ಬರೀ ನೀರು. ಅಯ್ಯನೋರು ಬಂದು ಹೇಳಿದರೂ ಕೇಳಲಿಲ್ಲ. ಆಳು ಹಿಡಿದುಕೊಳ್ಳದೆ ಹೊಸ್ತಿಲು ದಾಟಲಾರದಷ್ಟು ಸೊರಗಿದರು.

ಅವ್ವ ನನ್ನನ್ನು ಹಿತ್ತಲಿಗೆ ಕರೆದಳು. “ಲೇ, ಊರಮಂದಿ ದನಿ ಎಲ್ಲಾ ತೆಗೀತಿಯಲ್ಲ. ನಿಮ್ಮಣ್ಣನ ದನೀಲೆ ಅಪ್ಪಗ ಒಂದ್ಸರ್ತಿ ಹೇಳೋ. ಅವನ ಮಾತು ಕೇಳ್ತಾರ.”

“ಬ್ಯಾಡವ್ವಾ.”

“ನಿಮ್ಮಪ್ಪನೂ ಹೋಗ್ಲೇನು?”

ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಬೆನ್ನ ಹಿಂದೆ ಕೂತು, ಅಣ್ಣನ ಹಾಗೆ ಗಂಟಲು ಸರಿಮಾಡಿಕೊಂಡೆ. “ಅಪ್ಪಾ, ಏಳ್ರಿ. ಜಳಕ ಮಾಡಿ ಪೂಜೆಗೆ ಕುಂದ್ರಿ.” ಜನ್ಮದಲ್ಲೇ ಯಾರನ್ನೂ ಅಷ್ಟು ಚೆನ್ನಾಗಿ ಮಾಡಿರಲಿಲ್ಲ. ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಹೇಳಿ ಕಳಿಸಿದ ಅವ್ವನೇ ಬಾಗಿಲಿಗೆ ಓಡಿಬಂದು, ನನ್ನನ್ನು ಕಂಡು, ಅಲ್ಲೇ ಕುಸಿದಳು.

ಅಪ್ಪ ತಿರುಗಲಿಲ್ಲ. “ಕೇಳಿದೇನು ಮೇಷ್ಟ್ರನ್ನ? ನೋಡಾವ ಯಾರಂತ?”

ಅಣ್ಣನ ಕೆಮ್ಮು ನನ್ನ ಹತ್ತಿರ ಇತ್ತು, ತಡೆದು ತಡೆದು ಆಡುವ ಮಾತೂ ಇತ್ತು. ಅವನ ತಲೆಯೊಳಗಿದ್ದದ್ದು ಇರಲಿಲ್ಲ. “ಗೊತ್ತಿಲ್ರಿ,” ಎಂದೆ. ಬಂದದ್ದು ನನ್ನದೇ ದನಿ.

ಆಗ ತಿರುಗಿದರು. ನನ್ನ ಬಾಯಿಯ ಮೇಲೆ ಕೈ ಇಟ್ಟರು. “ಭಾಳ ಛಲೋ ಮಾಡಿದಿ. ಇನ್ನ ಮಾಡಬ್ಯಾಡೋ. ನೀ ಮಾಡಿದಂಗೆಲ್ಲ ಅವನ ಖರೇ ದನಿ ನನ್ನ ಕಿವಿಯಿಂದ ಸರೀತೈತಿ.”

ಆಮೇಲೆ ನೀರು ಕಾಯಿಸಲು ಹೇಳಿದರು. ಜಳಕ ಮಾಡಿ ಪೂಜೆಗೆ ಕೂತರು. ಕಣ್ಣು ತುಂಬಿ ಹರಿದರೂ ಅಂಗೈಯಿಂದ ದೃಷ್ಟಿ ತೆಗೆಯಲಿಲ್ಲ. ಅವ್ವ ಗಂಜಿ ಕುಡಿಸಿದಳು.

ಆ ದನಿಯನ್ನು ನಾನು ಮತ್ತೆ ತೆಗೆದಿಲ್ಲ. ಆದರೂ ತಡವಾಗಿತ್ತು. “ಲೇ ತಮ್ಮಾ” ಎಂದು ಅಣ್ಣ ಕರೆಯುತ್ತಿದ್ದುದನ್ನು ಒಬ್ಬನೇ ಕೂತು ನೆನೆಯುತ್ತೇನೆ. ಸ್ಪಷ್ಟವಾಗಿ ಕೇಳಿಸುತ್ತದೆ. ಕರೆಯುತ್ತಿರುವವನು ಅವನೋ ನಾನೋ ತಿಳಿಯುವುದಿಲ್ಲ.