ಅತ್ತೆಯ ಗಂಟಲಿರುವ ಪೆಟ್ಟಿಗೆ

ನಮ್ಮ ಅತ್ತೆ ಪಿಸುಗುಟ್ಟಿದರೆ ಮೂರನೇ ಮನೆಯ ನಾಯಿ ಎದ್ದು ಕೂರುತ್ತದೆ. ಎರಡನೇ ಮನೆಯಲ್ಲಿ ನಾಯಿ ಇಲ್ಲ, ಅಷ್ಟೇ.

ನಿಂತ ಹೃದಯಕ್ಕೆ ಶಾಕ್ ಕೊಟ್ಟು ಮತ್ತೆ ಬಡಿಯುವಂತೆ ಮಾಡುವ ಪೆಟ್ಟಿಗೆಗಳ ಕಂಪನಿಯಲ್ಲಿ ಅವರು ಇಪ್ಪತ್ತೆರಡು ವರ್ಷ ಪ್ಯಾಕಿಂಗ್ ಮಾಡಿದರು. ಮುಚ್ಚಳ ತೆರೆದರೆ ಏನೇನು ಮಾಡಬೇಕೆಂದು ಪೆಟ್ಟಿಗೆಯೇ ಹೇಳುತ್ತಾ ಹೋಗುತ್ತದೆ. ಹಾಗೆ ಹೇಳಿಸಲು ಮೊದಲು ಇಂಪಾದ ಗಂಟಲಿನ ಹುಡುಗಿಯೊಬ್ಬಳನ್ನು ಕರೆಸಿದ್ದರಂತೆ. "ದಯವಿಟ್ಟು ದೂರ ಸರಿಯಿರಿ" ಎಂದು ಅವಳ ಧ್ವನಿ ಬಂದರೆ, ಪೆಟ್ಟಿಗೆ ಪರೀಕ್ಷಿಸಲು ಕೂತವರು ರೋಗಿಯ ಬದಲು ಮಲಗಿಸಿದ್ದ ಬೊಂಬೆಯ ಎದೆ ಮೇಲೆ ಕೈ ಇಟ್ಟುಕೊಂಡೇ ತಲೆದೂಗುತ್ತಿದ್ದರು. ನಿಜವಾದ ರೋಗಿಯಾಗಿದ್ದರೆ ಶಾಕ್ ಅವರಿಗೂ ಹೊಡೆಯುತ್ತಿತ್ತು. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಯಾರೋ ಅತ್ತೆ ಸೀಲ್ ಮಾಡಿಟ್ಟ ಡಬ್ಬದ ಮೇಲೆ ಟೀ ಲೋಟ ಇಡಲು ಹೋದರು.

"ತೆಗಿ ಕೈ! ದೂರ ನಿಲ್ಲು!"

ಬೊಂಬೆಯ ಸುತ್ತ ಇದ್ದ ಎಂಟೂ ಜನ ಗೋಡೆಗೆ ಅಂಟಿಕೊಂಡರು. ಮ್ಯಾನೇಜರೂ ಸೇರಿ.

ಮರುದಿನವೇ ಅತ್ತೆಯ ರೆಕಾರ್ಡಿಂಗ್. ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡಿ ಎಂದು ಗೋಗರೆದರಂತೆ. ಮರ್ಯಾದೆ ಕೊಡಲು ಹೋದರೆ ಜಪ್ಪಯ್ಯ ಅಂದರೂ ಅತ್ತೆಗೆ ಧ್ವನಿ ಏಳಲಿಲ್ಲ. ಕೊನೆಗೆ ಹೇಗಿತ್ತೋ ಹಾಗೇ ತುಂಬಿಸಿದರು.

ನಾನು ಅವರ ಸೊಸೆ. ಅವರು ಹೇಳಿದ್ದನ್ನು ಒಂದು ದಿನವೂ ಎದುರಾಡದೆ ಮಾಡಿದವಳಲ್ಲ. ಮಾವ ಎದುರಾಡುವವರಲ್ಲ, ಕೇಳಿಸಲಿಲ್ಲವೆಂಬಂತೆ ಪೇಪರ್ ಓದುವವರು.

ಕಳೆದ ತಿಂಗಳು ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ಮಾವ ಪೇಪರ್ ಸಮೇತ ಕುಸಿದರು. ಉಸಿರಿಲ್ಲ. ಯಾರಾದರೂ ಬನ್ನಿ ಎಂದು ಕಿರುಚಿದೆ. ಕಂಡಕ್ಟರೊಬ್ಬ ಆಂಬುಲೆನ್ಸಿಗೆ ಫೋನ್ ಮಾಡುತ್ತಲೇ ಓಡಿಹೋಗಿ ಗೋಡೆಯಲ್ಲಿದ್ದ ಪೆಟ್ಟಿಗೆ ತಂದು ಮುಚ್ಚಳ ತೆಗೆದ.

"ಗಾಬರಿಯಾಗ್ಬೇಡ! ಅಂಗಿ ಬಿಚ್ಚು! ಎದೆಗೆ ಪ್ಯಾಡ್ ಅಂಟಿಸು!"

"ಅಂಟಿಸ್ತಾ ಇದೀನಲ್ಲ ಅತ್ತೆ!" ಎಂದೆ, ಅಭ್ಯಾಸಬಲ. ಅತ್ತೆ ಎಲ್ಲಿ ಎಂದು ಕಂಡಕ್ಟರ್ ಸುತ್ತ ನೋಡಿದ.

"ತೆಗಿ ಕೈ! ದೂರ ನಿಲ್ಲು!"

ಇಡೀ ನಿಲ್ದಾಣ ಹಿಂದೆ ಸರಿಯಿತು. ಹೊರಟಿದ್ದ ಬಸ್ಸೂ ನಿಂತಿತು. ಮಾವನ ಮೈ ಒಮ್ಮೆ ಎಗರಿತು.

"ಎದೆ ಒತ್ತು! ಇನ್ನೂ ಜೋರಾಗಿ! ನಿಲ್ಲಿಸ್ಬೇಡ!"

ಅಳುತ್ತಾ ಒತ್ತಿದೆ. ಮಾವ ಹೋಗಿಬಿಟ್ಟರೆ ಎಂಬ ಭಯಕ್ಕೆ ತುಟಿ ಪಿಟಕ್ಕೆನ್ನಲಿಲ್ಲ. ಆಂಬುಲೆನ್ಸ್ ಬರುವ ಹೊತ್ತಿಗೆ ಮಾವ ನರಳಿದರು. ಅಷ್ಟು ಚೆಂದದ ನರಳಾಟ ನಾನು ಕೇಳಿಯೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಅತ್ತೆ ಎರಡು ದಿನ ಮಂಚದ ಪಕ್ಕ ಸುಮ್ಮನೆ ಕೂತಿದ್ದರು. ಆ ಗಂಟಲಿನಿಂದ ಒಂದು ಶಬ್ದವಿಲ್ಲ. ನನಗೆ ಅದರಿಂದಲೇ ಹೆಚ್ಚು ಹೆದರಿಕೆಯಾಯಿತು. ಮೂರನೇ ದಿನ ಮಾವ ಅವರನ್ನು ನೋಡಿ ಮೆಲ್ಲಗೆ ಅಂದರು:

"ಅಲ್ಲಿಗೂ ಬಂದು ಕೂಗ್ತಿದ್ದೀಯಲ್ಲೇ. ಎಲ್ಲಿ ಹೋದ್ರೂ ನೀನೇ ಅಂದ್ಮೇಲೆ ಮನೇಲೇ ಇರೋಣ ಅಂತ ವಾಪಸ್ ಬಂದೆ."

ಅತ್ತೆ ಅಳುತ್ತಲೇ ನಕ್ಕರು. ಆಮೇಲೆ ನನ್ನ ಕಡೆ ತಿರುಗಿದರು.

"ನಾನು ಹೇಳ್ದಂಗೇ ಮಾಡಿದ್ಯಾ?"

"ಹೂಂ ಅತ್ತೆ."

"ಎದುರು ಮಾತಾಡ್ದೆ?"

"ಒಂದೇ ಒಂದ್ಸಲ ಆಡಿದೆ."

"ಒಂದೇ ಸಲಾನಾ? ಸುಳ್ಳು! ಆ ಕಂಡಕ್ಟರ್ ನಂಬರ್ ಕೊಡು!"

ಮಾವನಿಗೆ ಇಂಜೆಕ್ಷನ್ ಕೊಡಲು ಬಂದಿದ್ದ ನರ್ಸ್ ಕೈ ತೆಗೆದು ದೂರ ನಿಂತಳು.