ಮೂಳೆ ವಾರ್ಡಿನ ಚೊಂಬಕ್ಕ

ಮೂಳೆ ವಾರ್ಡಿನ ವಿಷಯದಲ್ಲಿ ಕತೆ ಕಟ್ಟುವ ಹಾಗಿಲ್ಲ; ಅಲ್ಲಿ ಕಟ್ಟುವುದೇನಿದ್ದರೂ ಕೈಕಾಲಿಗೆ ಪಟ್ಟಿ. ಹಾಗಾಗಿ ಇದು ನಡೆದದ್ದೇ. ನಡೆದದ್ದು ಅನ್ನುವುದಕ್ಕಿಂತ, ಕುಂಟುತ್ತಾ ಮೆಟ್ಟಿಲು ಹತ್ತಿದ್ದು.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ತಾರಸಿಯ ಮೇಲೆ ಆಯಾ ಒಬ್ಬರು ಕಾಲು ನೀಡಿ ಕೂತು, ತೂತು ಬಿದ್ದ ಬೇಸಿನ್‌ಗಳ ಮಣ್ಣನ್ನು ಬೆರಳಿನಿಂದ ಕೆದಕುತ್ತಿದ್ದಾರೆ. ರೋಗಿಗಳ ಮೈ ಒರೆಸಿ ಒರೆಸಿ ಸವೆದು ಗುಜರಿಗೆ ಹೊರಟಿದ್ದ ಬೇಸಿನ್‌ಗಳು ಇಲ್ಲಿ ಹೂವಿನ ಮಡಿಗಳಾಗಿವೆ. ಲಿಫ್ಟು ತಾರಸಿಯವರೆಗೆ ಬರುವುದಿಲ್ಲ. ಕೊನೆಯ ಅಂತಸ್ತಿನಿಂದ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಚೊಂಬು ಹಿಡಿದು, ಬಲಗಾಲನ್ನು ಹಿಂದಿನಿಂದ ಎಳೆದುಕೊಳ್ಳುತ್ತಾ ಹತ್ತಬೇಕು. ಬಕೆಟ್ ಹೊರುವ ಕಾಲಲ್ಲ ಅದು. ಅದಕ್ಕೇ ಲಿಫ್ಟಿನವ ‘ಚೊಂಬಕ್ಕ’ ಎಂದು ಹೆಸರಿಟ್ಟ. ಈಗ ಡಾಕ್ಟರರ ಬಾಯಲ್ಲೂ ಅದೇ.

ಬೆಳೆದ ಹೂವೆಲ್ಲ ಹೋಗುವುದು ಮೂಳೆ ವಾರ್ಡಿನ ಬಾಗಿಲ ಬಳಿಯ ಹೂದಾನಿಗೆ. ಜೋಡಿಸಿದ ಮೇಲೆ ಚೊಂಬಕ್ಕ ಖಾಲಿ ಇರುವ ಮಂಚವೊಂದರ ಮೇಲೆ ತಾವೇ ಮಲಗಿ ನೋಡುತ್ತಾರೆ. ಒಂದು ದಂಟು ಮರೆಯಾದರೂ ಎದ್ದು ಹೋಗಿ ಸರಿಸಿ, ಮತ್ತೆ ಬಂದು ಮಲಗುತ್ತಾರೆ. “ನಿಂತು ನೋಡೋರಿಗಲ್ಲಪ್ಪ ಇದು. ಮಲಗಿರೋರಿಗೆ,” ಅನ್ನುತ್ತಾರೆ.

ಅವರೂ ಇದೇ ವಾರ್ಡಿನಲ್ಲಿ ಮಲಗಿದ್ದವರೇ. ಕಟ್ಟಡದ ಕೆಲಸದಲ್ಲಿ ಮೇಲಿನಿಂದ ಬಿದ್ದು, ಕಾಲಿಗೆ ತೂಕ ನೇತುಹಾಕಿಸಿಕೊಂಡು ತಿಂಗಳುಗಟ್ಟಲೆ. “ನಾನು ಫ್ಯಾನ್ ನೋಡ್ತಿದ್ದೆ, ಫ್ಯಾನು ನನ್ನ ನೋಡ್ತಿತ್ತು. ಅದಾದ್ರೂ ತಿರುಗ್ತಿತ್ತು, ನಂಗೆ ಅದೂ ಇಲ್ಲ. ಒಂದಿನ ಪಕ್ಕದವಳ ತಂಗಿ ಲೋಟದಲ್ಲಿ ಹೂ ಇಟ್ಟು ಹೋದ್ಲು. ಅವತ್ತು ನಾನಾಗೇ ಬಾಚಣಿಗೆ ಕೇಳ್ದೆ.” ಕಾಲು ಮೊದಲಿನಂತಾಗಲಿಲ್ಲ, ಕಟ್ಟಡದವರು ಮತ್ತೆ ಕರೆಯಲಿಲ್ಲ. ವಾಸಿ ಮಾಡಿದ ಆಸ್ಪತ್ರೆಯೇ ಕಸಬರಿಕೆ ಕೊಟ್ಟು ಇಟ್ಟುಕೊಂಡಿತು.

ಈ ಸಲ ಬಿತ್ತುವ ಹೊತ್ತಿಗೆ ಡಬ್ಬಿ ತೆಗೆದರೆ, ಜೋಪಾನ ಮಾಡಿಟ್ಟ ಬೀಜಕ್ಕೆಲ್ಲ ಬೂಷ್ಟು. ಚೊಂಬಕ್ಕನಿಗೆ ಊಟ ಸೇರಲಿಲ್ಲ. ಆಗ ವಾರ್ಡಿನ ಫೋನು ಬಡಿದುಕೊಂಡಿತು. ಎಂದೋ ನಿವೃತ್ತರಾದ ದೊಡ್ಡ ಸಿಸ್ಟರ್ ಅವರ ದನಿ, ಅದೇ ಮೂಗು ಎಳೆಯುವ ಸೊರಸೊರ. “ಚೊಂಬಕ್ಕಾ, ನಿಂಗೇಂತ ‘ರಾಜಕುಮಾರಿ’ ಹೂವಿನ ಬೀಜ ತರಿಸಿದೀನಿ. ಲಿಫ್ಟಿನವನ ಹತ್ರ ಇದೆ, ಇಸ್ಕೋ.” ಹಿಗ್ಗಿಹೋದ ಚೊಂಬಕ್ಕ ಪೊಟ್ಟಣ ಪೂರ್ತಿ ಬಿತ್ತಿಬಿಟ್ಟರು.

ಸಸಿ ಮೊಳೆಯುವಷ್ಟರಲ್ಲಿ ಹೊಸ ಮ್ಯಾನೇಜರು ವಾರ್ಡಿಗೆ ಬಂದರು. ಬರಿದಾದ ಹೂದಾನಿ ನೋಡಿ, ಬೇಸಿಗೆ ಕಾಲಿಡುವುದರೊಳಗೆ ಇದು ತುಂಬದಿದ್ದರೆ ಪ್ಲಾಸ್ಟಿಕ್ ಹೂ ಇಡಿಸುತ್ತೇನೆ, ತಾರಸಿಯನ್ನೂ ಖಾಲಿ ಮಾಡಿಸುತ್ತೇನೆ ಎಂದರು. ಪಕ್ಕದಲ್ಲಿದ್ದ ಲಿಫ್ಟಿನವನ ಮುಖ ಬಿಳಿಚಿಕೊಂಡಿತು. ಯಾರ ಕೆಮ್ಮು, ಯಾರ ಗೊರಕೆ ಬೇಕಾದರೂ ಅಣಕಿಸಬಲ್ಲವನಿಗೆ ಅಂದು ತನ್ನ ದನಿಯೇ ಹೊರಡಲಿಲ್ಲ. ಮರುದಿನ ಬೆಳಗ್ಗೆ ಕೇಳದೆಯೇ ಎರಡು ಬಕೆಟ್ ನೀರು ತಾರಸಿಗೆ ಬಂತು.

ಕೆಲವೇ ದಿನದಲ್ಲಿ ಎಲೆ ಅಗಲವಾಯಿತು. ಚೊಂಬಕ್ಕ ಒಂದನ್ನು ಚಿವುಟಿ ಮೂಗಿಗೆ ಹಿಡಿದರು. ಮೂಲಂಗಿ. ಆಗ ಹೊಳೆಯಿತು: ದೊಡ್ಡ ಸಿಸ್ಟರ್ ನಿವೃತ್ತರಾದಾಗ ‘ಚೊಂಬಕ್ಕ’ ಎಂಬ ಹೆಸರೇ ಹುಟ್ಟಿರಲಿಲ್ಲ. ಕಿತ್ತು ಬಿತ್ತಲು ಬೇರೆ ಬೀಜವಿಲ್ಲ, ಹೊತ್ತೂ ಇಲ್ಲ. “ಮೂಲಂಗಿಗೂ ಹೂ ಬಿಡೋಕೆ ಬರತ್ತೆ. ನಾವು ಬಿಡೋಕೆ ಬಿಡಲ್ಲ, ಅಷ್ಟೇ,” ಎಂದು ತಮಗೆ ತಾವೇ ಹೇಳಿಕೊಂಡು ಮಣ್ಣು ಏರಿಸಿದರು. ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ.

ಲಿಫ್ಟಿನವ ದಿನವೂ ಬಕೆಟ್ ಇಳಿಸಿ, “ಅಕ್ಕಾ, ಇದ್ಯಾಕೋ ಬೇರೆ ಥರ ಇದೆಯಲ್ಲ,” ಎಂದು ರಾಗ ಎಳೆಯುತ್ತಿದ್ದ. “ರಾಜಕುಮಾರಿ ಅಲ್ವೇನೋ, ಹಾಗೇ ಇರ್ತಾಳೆ. ಆ ಮೂಲೆಗೂ ಹಾಕು,” ಎಂದು ಅವರು ಉತ್ತರಿಸುತ್ತಿದ್ದರು. ಅವನು ಇನ್ನೊಂದು ಬಕೆಟ್ ತರಲು ಇಳಿದು ಹೋಗುತ್ತಿದ್ದ.

ಇವತ್ತು ಬೆಳಗ್ಗೆ ಹೂದಾನಿ ತುಂಬಿದೆ. ಎತ್ತರದ ಸಣಕಲು ದಂಟುಗಳ ತುದಿಯಲ್ಲಿ ಬಿಳಿಗೆ ನೇರಳೆ ಸೋಕಿದ ನಾಲ್ಕೆಸಳಿನ ಹೂಗಳು, ಕಿಟಕಿಯ ಗಾಳಿಗೆ ಅಲ್ಲಾಡುತ್ತಿವೆ. ಮಂಚದ ಮೇಲೆ ಮಲಗಿ ಪರೀಕ್ಷೆ ನಡೆಸುತ್ತಿರುವ ಚೊಂಬಕ್ಕ ಏಳುವ ಮುಂಚೆಯೇ ಮ್ಯಾನೇಜರು ಒಳಗೆ ಬಂದಿದ್ದಾರೆ. ಬಗ್ಗಿ ನೋಡುತ್ತಾರೆ, ಬೆರಳಲ್ಲಿ ಮುಟ್ಟುತ್ತಾರೆ, ಚೆನ್ನಾಗಿದೆ ಎಂದು ಒಪ್ಪಿಕೊಂಡು ಹೆಸರು ಕೇಳುತ್ತಾರೆ.

“ಮೂಲಂಗಿ ಸಾರ್,” ಎನ್ನುತ್ತಾನೆ ಬಾಗಿಲಲ್ಲಿ ಬಕೆಟ್ ಹಿಡಿದು ನಿಂತ ಲಿಫ್ಟಿನವ, ತಡೆಯಲಾರದೆ. “ಫೋನ್ ಮಾಡಿದ್ದು ನಾನೇ. ತಪ್ಪಾಯ್ತು ಅಕ್ಕಾ.”

ಮ್ಯಾನೇಜರು ಹೂವನ್ನೂ ಅವನನ್ನೂ ನೋಡುತ್ತಾರೆ. ನಂತರ, ತರಿಸಿಟ್ಟ ಪ್ಲಾಸ್ಟಿಕ್ ಹೂ ತಮ್ಮ ಕೋಣೆಯಲ್ಲೇ ಇರಲಿ, ತಾರಸಿಗೆ ಬೇಕಾದರೆ ಒಂದು ನಲ್ಲಿ ಹಾಕಿಸೋಣ ಎನ್ನುತ್ತಾರೆ.

“ಅಯ್ಯೋ, ನಲ್ಲಿ ಈಗ್ಲೇ ಬೇಡ ಸಾರ್,” ಮಂಚದಿಂದ ಚೊಂಬಕ್ಕನ ದನಿ. “ಎಲೆ ಬಂದಾಗ್ಲೇ ನಂಗೆ ಗೊತ್ತಾಗಿತ್ತು. ಹೇಳಿದ್ರೆ ನೀರು ಯಾರು ಹೊರ್ತಿದ್ರು?”

ಲಿಫ್ಟಿನವನ ಕೈಯ ಬಕೆಟ್ ಅರ್ಧ ನೆಲಕ್ಕೆ ಚೆಲ್ಲುತ್ತದೆ. ಕಾಲಿಗೆ ತೂಕ ಕಟ್ಟಿಸಿಕೊಂಡವರೆಲ್ಲ ನಗತೊಡಗಿದಾಗ ಮಂಚದ ಸರಳುಗಳು ಗಲಗಲ ಅಲ್ಲಾಡುತ್ತವೆ. ಅಷ್ಟು ಗಲಾಟೆಯಲ್ಲೂ ಎಲ್ಲರಿಗಿಂತ ಜೋರಾಗಿ ಕೇಳುವುದು, ಮಲಗಿದಲ್ಲೇ ಹೊಟ್ಟೆ ಹಿಡಿದುಕೊಂಡು ಚೊಂಬಕ್ಕ ನಗುವ ಸದ್ದು.